ತೌಡಿಗೆ ಮಾರಿದ ತಮ್ಮ

ನಮ್ಮ ಅಣ್ಣ ಹೊಸಪೇಟೆಯ ಮುನ್ಸೀಫ್ ಕೋರ್ಟಿನಲ್ಲಿ ವಕೀಲ. ಆದರೆ ನಮ್ಮ ಮನೆಯಲ್ಲಿ ಕಾನೂನು ಬಲ್ಲವರು ಯಾರು ಎಂದು ಕೇಳಿದರೆ ನಾನು ಅವನ ಹೆಸರು ಹೇಳುವುದಿಲ್ಲ. ಅವನು ಸಮಯ ಬಂದರೆ ಬಗ್ಗುತ್ತಾನೆ. ಎದುರು ಕಕ್ಷಿಯವರೊಡನೆ ಚಹಾ ಕುಡಿದು ರಾಜಿಗೆ ಒಪ್ಪುತ್ತಾನೆ. ನಾನು ಹೇಳಹೊರಟ ವ್ಯಕ್ತಿಗೆ ಆ ದುರಭ್ಯಾಸವಿಲ್ಲ. ಆಡಿದ ಮಾತು ಆಡಿದ್ದೇ, ಕೊಟ್ಟದ್ದು ಕೊಟ್ಟದ್ದೇ! ನಮ್ಮ ಬೀದಿಯ ಹಿರಿಯರೆಲ್ಲ ಆ ವ್ಯಕ್ತಿಯ ಎದುರು ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಯೋಚಿಸುತ್ತಿದ್ದರು. ನಾನಂತೂ ಮದರಾಸಿನಲ್ಲಿ ನಾಲ್ಕು ವರ್ಷ ಓದಿ, ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದು, ಬಿ.ಎ. ಎಂದು ಹೆಸರಿನ ಮುಂದೆ ಬರೆದುಕೊಳ್ಳುವ ಹಕ್ಕಿನೊಡನೆ ಮನೆಗೆ ಬಂದವಳು. ಬಂದ ಮೂರನೆಯ ದಿನವೇ ಆ ವ್ಯಕ್ತಿಯ ಕೈಯಲ್ಲಿ ಸೋತೆ.

ಆಕೆಗೆ ಆಗ ಮೂರೂವರೆ ವರ್ಷ. ನನ್ನ ಅಣ್ಣನ ಮಗಳು. ಹೆಸರು ಹೇಳುವುದಿಲ್ಲ. ಈಗ ಅಕ್ಷರ ಕೂಡಿಸಿ ಓದುತ್ತಾಳೆ. ಅಪ್ಪಿತಪ್ಪಿ ಇದು ಕೈಗೆ ಸಿಕ್ಕರೆ ನನ್ನ ಮೇಲೆ ದಾವೆ ಹೂಡದೆ ಬಿಡುವವಳಲ್ಲ.

ಸೋತದ್ದು ಹೀಗೆ. ಅವಳು ನನ್ನ ಪುಸ್ತಕವೊಂದರ ಹಾಳೆಯನ್ನು ನೀರಿನಲ್ಲಿ ಅದ್ದಿ ಒಣಗಲು ಹಾಕಿದ್ದಳು. ನಾನು ಸಿಟ್ಟಿನಲ್ಲಿ, ನಮ್ಮ ಕಡೆಯ ಎಲ್ಲ ದೊಡ್ಡವರೂ ಎಲ್ಲ ಮಕ್ಕಳಿಗೂ ಹೇಳುವಂತೆ, "ಕಿವಿ ಕಿತ್ತು ಕೈಯಾಗ ಕೊಡ್ತೀನಿ ನೋಡು!" ಎಂದೆ. ಬೇರೆ ಮಕ್ಕಳಾಗಿದ್ದರೆ ಓಡುತ್ತಿದ್ದವು, ಇಲ್ಲವೆ ಅಳುತ್ತಿದ್ದವು. ಇವಳು ಅಂಗೈ ಬಿಡಿಸಿ ನನ್ನ ಮುಂದೆ ಚಾಚಿ ನಿಂತಳು.

"ಕೊಡು," ಎಂದಳು.

ಏನು ಕೊಡಲಿ? ನಾನು ಪುಸ್ತಕ ಎತ್ತಿಕೊಂಡು ಒಳಗೆ ಹೋದೆ. ಹಿಂದಿನಿಂದ ಅವಳ ತೀರ್ಪು ಕೇಳಿಸಿತು: "ಅತ್ತಿ ಸುಳ್ಳ ಹೇಳತಾಳ."

ಈ ಗುಣ ಎಲ್ಲಿಂದ ಬಂತೆಂದು ಹುಡುಕಲು ದೂರ ಹೋಗಬೇಕಿಲ್ಲ. ಅಣ್ಣ ಪಡಸಾಲೆಯಲ್ಲೇ ಮೇಜು ಹಾಕಿಕೊಂಡು ಕಕ್ಷಿಗಾರರನ್ನು ಮಾತಾಡಿಸುತ್ತಿದ್ದ. ಆ ಮೇಜಿನ ಕೆಳಗೆ, ಕಾಲುಗಳ ನಡುವೆ, ಇವಳ ಬಿಡಾರ. ಮೇಲೆ ಹೊಲ, ಮನೆ, ಬಾವಿ, ಎತ್ತುಗಳ ಮಾತು ನಡೆಯುತ್ತಿದ್ದರೆ ಕೆಳಗೆ ಇವಳು ಹುಣಸೆ ಬೀಜ ಜೋಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೀಗೆ ಶುಲ್ಕವಿಲ್ಲದೆ ಕಾನೂನು ಕಲಿತವರು ಮದರಾಸಿನಲ್ಲೂ ಇರಲಿಕ್ಕಿಲ್ಲ!

ಇಂಥವಳಿಗೆ ಲೋಕದಲ್ಲಿ ಒಂದೇ ಒಂದು ಸ್ಥಿರಾಸ್ತಿ ಇತ್ತು. ಅವಳ ಅವ್ವನ ತೊಡೆ. ಊಟಕ್ಕೆ ಅಲ್ಲಿ, ಕಥೆಗೆ ಅಲ್ಲಿ, ಜ್ವರಕ್ಕೆ ಅಲ್ಲಿ, ಸುಮ್ಮನೆ ಕೂರುವುದಕ್ಕೂ ಅಲ್ಲೇ. ಊರ ಸುತ್ತ ಗಾಣ ಶುರುವಾಗಿ ಗಾಳಿಯೆಲ್ಲ ಬೆಲ್ಲದ ವಾಸನೆ ಹೊತ್ತು ಬರುತ್ತಿದ್ದ ದಿನಗಳಲ್ಲಿ, ಆ ಆಸ್ತಿಯ ಮೇಲೆ ಇನ್ನೊಬ್ಬರು ಬಂದು ಮಲಗಿದರು. ತಮ್ಮ ಹುಟ್ಟಿದ.

ಮೊದಲ ಕೆಲವು ದಿನ ಬಾಣಂತಿ ಕೋಣೆಯ ಒಳಗೆ ಅವಳಿಗೆ ಪ್ರವೇಶವಿರಲಿಲ್ಲ. ಹೊಸಿಲ ಹೊರಗೆ ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು. ಒಳಗಿನಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು, ಸಣ್ಣ ಅಳು ಬರುತ್ತಿತ್ತು, ಅವ್ವ ಬರುತ್ತಿರಲಿಲ್ಲ. ಒಮ್ಮೆ ರಾಜಿಯ ಮಾತನ್ನೂ ಕಳಿಸಿದಳು, ನನ್ನ ಮೂಲಕವೇ: "ಒಂದ್ ತೊಡಿ ಅದರದು, ಒಂದ್ ತೊಡಿ ನಂದು. ಹೇಳು ಅವ್ವಗ." ನ್ಯಾಯವಾದ ಮಾತೇ. ಆದರೆ ಹಾಲು ಕುಡಿಯುವ ಕೂಸು ತಲೆ ಒಂದು ತೊಡೆಯ ಮೇಲೆ, ಕಾಲು ಇನ್ನೊಂದರ ಮೇಲೆ ಚಾಚುತ್ತದೆ. ಸ್ವಾಧೀನ ಪೂರ್ತಿ ಅವನದು!

ಇಲ್ಲಿ ನಾನು ಒಂದು ಮಾತನ್ನು ಹೇಳಲೇಬೇಕು. ಹೇಳಲು ಇಷ್ಟವಿಲ್ಲದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಈ ಹುಡುಗಿಗಿಂತ ಮೊದಲು ನಮ್ಮ ಅತ್ತಿಗೆಗೆ ಎರಡು ಗಂಡುಮಕ್ಕಳು ಹುಟ್ಟಿದ್ದವು. ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಹೀಗೆ ಗಂಡು ಕೂಸು ಉಳಿಯದ ಮನೆಯಲ್ಲಿ ಮತ್ತೆ ಗಂಡು ಹುಟ್ಟಿದರೆ, ಅದನ್ನು ಮೊರದಲ್ಲಿ ಹಾಕಿ ನೆರೆಮನೆಯವರಿಗೆ ಒಂದು ಮೊರ ತೌಡಿಗೆ ಮಾರಿಬಿಡುವುದು ನಮ್ಮ ಕಡೆಯ ರೂಢಿ. ಕೊಂಡವರು ಕೂಸನ್ನು ತಮ್ಮ ಹೊಸಿಲು ದಾಟಿಸಿ, ಆಮೇಲೆ ತಿರುಗಿ ತಂದು ಹೆತ್ತವಳ ಕೈಗೇ ಕೊಡುತ್ತಾರೆ: ಇದು ನಮ್ಮ ಕೂಸು, ನೀವು ಸಾಕಿಕೊಡಿ ಎಂದು. ಅಲ್ಲಿಂದ ಮುಂದೆ ಹೆತ್ತವರು ಅದನ್ನು ನಮ್ಮದು ಎನ್ನಬಾರದು. ಕೆಟ್ಟ ಗಳಿಗೆ ವಕೀಲರ ಮಗನನ್ನು ಹುಡುಕಿಕೊಂಡು ಬಂದರೆ ವಕೀಲರಿಗೆ ಮಗನೇ ಇಲ್ಲ! ತೌಡಿನ ಬೆಲೆಯ ಕೂಸು ಯಾರಿಗೆ ಬೇಕು? ಹೆಸರೂ ಅದಕ್ಕೆ ತಕ್ಕಂತೆ ತಿಪ್ಪೆಯಿಂದ ಬಂದದ್ದು: ತಿಪ್ಪಣ್ಣ.

ಕೊಂಡವಳು ಪಕ್ಕದ ಮನೆಯ ನೀಲಮ್ಮ. ಅವಳ ಗಂಡ ಅಕ್ಕಿ ಗಿರಣಿಯಲ್ಲಿದ್ದವನಾದ್ದರಿಂದ ತೌಡಿಗೆ ಬರವಿರಲಿಲ್ಲ. ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿ, ದೊಡ್ಡ ಮನೆಯಲ್ಲಿ ದೊಡ್ಡ ದನಿಯೊಡನೆ ಇದ್ದವಳು. ನಮ್ಮವ್ವ, ಅಂದರೆ ಹುಡುಗಿಯ ಅಜ್ಜಿ, ಮೊರ ಹಿಡಿದು ಹೊಸಿಲಲ್ಲಿ ನಿಂತಳು.

"ತೌಡಿಗೆ ಕೂಸು ಕೊಡ್ತೀವಿ. ತಗೊಂತೀ ಏನವ್ವ?"

"ತಗೊಂತೀನ್ರೀ ಅವ್ವಾರ."

"ಮತ್ತ ನಾವು ಕೇಳಾಂಗಿಲ್ಲ."

"ಕೇಳಿದ್ರ ನಾ ಕೊಡ್ತೀನೇನು!" ಎಂದು ನೀಲಮ್ಮ ಬೀದಿಗೆಲ್ಲ ಕೇಳುವಂತೆ ನಕ್ಕಳು.

ಅಣ್ಣ ಆ ದಿನ ಕೋರ್ಟಿಗೆ ಒಂದು ಗಂಟೆ ಮೊದಲೇ ಹೋಗಿದ್ದ. ಇಂಥದರಲ್ಲಿ ತನಗೆ ನಂಬಿಕೆಯಿಲ್ಲ ಎಂದು ತೋರಿಸಿಕೊಳ್ಳುವುದಕ್ಕೆ ಅದು ಅವನ ಉಪಾಯ. ಸಂಜೆ ಬಂದವನು ಎಲ್ಲಕ್ಕಿಂತ ಮೊದಲು ಕೇಳಿದ್ದು, "ಎಲ್ಲಾ ಬರೋಬ್ಬರಿ ಆತೇನು?" ಎಂದು. ಬಿ.ಎ. ಓದಿದ ನಾನು ಏನು ಮಾಡಿದೆ ಎನ್ನುತ್ತೀರೋ? ಮೊರದ ಇನ್ನೊಂದು ಅಂಚು ಹಿಡಿದವಳು ನಾನೇ.

ನಾವು ಯಾರೂ ಗಮನಿಸದ ಒಬ್ಬ ಸಾಕ್ಷಿ ಕಟ್ಟೆಯ ಮೇಲೆ ಬೆಲ್ಲದ ಚೂರು ಚೀಪುತ್ತ ನಿಂತಿದ್ದಳು. ಕೂಸು ಹೋದದ್ದನ್ನು ನೋಡಿದಳು. ತೌಡು ಬಂದದ್ದನ್ನು ನೋಡಿದಳು. ತೌಡಿನ ಹಿಂದೆಯೇ ಕೊಟ್ಟಿಗೆಗೆ ಹೋಗಿ, ಎಮ್ಮೆ ಅದನ್ನು ಕಲಗಚ್ಚಿನೊಡನೆ ಕುಡಿದು ಮೂತಿ ನೆಕ್ಕಿಕೊಳ್ಳುವ ತನಕ ಕಾದು, ಒಳಗೆ ಬಂದು ಎಲ್ಲರಿಗೂ ವರದಿ ಒಪ್ಪಿಸಿದಳು:

"ಕೂಸಿನ ತೌಡು ಎಮ್ಮಿ ತಿಂತು. ಇನ್ನ ಕೂಸು ನಮ್ಮದಲ್ಲ."

ಇದರಲ್ಲಿ ತಪ್ಪು ಹುಡುಕಿ ನೋಡೋಣ! ಬೆಲೆ ಸಂದಿದೆ, ಸಂದ ಬೆಲೆ ಎಮ್ಮೆಯ ಹೊಟ್ಟೆ ಸೇರಿದೆ, ಹಿಂದಿರುಗಿಸುವ ದಾರಿ ಇಲ್ಲ. ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ಮರುದಿನದಿಂದ ಅವಳ ತಗಾದೆ ಶುರುವಾಯಿತು. ತಿಪ್ಪಣ್ಣ ಅತ್ತ ಕೂಡಲೆ ಇವಳು ಪಕ್ಕದ ಮನೆಯ ಬಾಗಿಲಲ್ಲಿ.

"ದೊಡ್ಡವ್ವಾ, ನಿಮ್ಮ ಕೂಸು ಅಳಾಕತ್ತೈತಿ. ಒಯ್ಯಿರಿ."

"ನಾಳಿ ಒಯ್ತೀನವ್ವ. ಇವತ್ತ ಮನ್ಯಾಗ ಜಾಗ ಇಲ್ಲ, ಬರೇ ಚೀಲ ಬಿದ್ದಾವು."

ಪಾಪ, ನೀಲಮ್ಮ ತಮಾಷೆಗೆ ಹೇಳಿದಳು. ಮರುದಿನ ಬೆಳಿಗ್ಗೆ ಅವಳು ಬಾಗಿಲು ತೆಗೆದಾಗ ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು. "ನಾಳಿ ಆತು," ಎಂದಳು. ಆಮೇಲೆ ಒಳಗೆ ನಡೆದು, ಪಡಸಾಲೆ, ಅಡಿಗೆಮನೆ, ಅಕ್ಕಿ ಚೀಲದ ಕೋಣೆ ಎಲ್ಲವನ್ನೂ ತನಿಖೆ ಮಾಡಿ, ಎರಡು ಚೀಲಗಳ ನಡುವೆ ಮಲಗಿದ್ದ ಬೆಕ್ಕನ್ನು ಎಬ್ಬಿಸಿದಳು.

"ಇಲ್ಲೈತಿ ನೋಡ್ರಿ ಜಾಗ. ಬೆಚ್ಚಗೂ ಐತಿ!"

ಬೆಕ್ಕು ಎಲ್ಲಿಗೆ ಹೋಗಬೇಕು ಎಂದು ನೀಲಮ್ಮ ಕೇಳಿದ್ದಕ್ಕೂ ಉತ್ತರ ಸಿದ್ಧವಿತ್ತು. "ಅದನ್ನ ನಮ್ಮ ಮನಿಗೆ ಕಳಸ್ರಿ. ಅದು ತೊಡಿ ಮ್ಯಾಗ ಕುಂದ್ರೂದಿಲ್ಲ."

ಆ ಕೊನೆಯ ಮಾತನ್ನು ನೀಲಮ್ಮ ಬಂದು ನಮಗೆ ಹೇಳುವಾಗ ಎಲ್ಲರೂ ನಕ್ಕೆವು. ಅತ್ತಿಗೆ ಮಾತ್ರ ನಗಲಿಲ್ಲ. ಮಗಳನ್ನು ಕರೆದು ತಬ್ಬಿಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಕೂಸು ಎದ್ದಿತು.

ಎರಡನೆಯ ತಿಂಗಳಲ್ಲಿ ಸಂಡೂರಿನಿಂದ ಅತ್ತಿಗೆಯ ಸೋದರತ್ತೆ ಕೂಸು ನೋಡಲು ಬಂದರು. ಕೈಯಲ್ಲಿ ಬೆಳ್ಳಿ ಕಡಗ, ಜರಿಯಂಚಿನ ಟೊಪ್ಪಿಗೆ. ನಾವೆಲ್ಲ ಹಿತ್ತಲಲ್ಲಿದ್ದೆವು. ಬಾಗಿಲಲ್ಲಿ ಸಿಕ್ಕಿದವಳು ಇವಳೇ.

"ಎಲ್ಲೈತವ್ವ ನಿನ್ನ ತಮ್ಮ?"

"ನಮಗ ತಮ್ಮ ಇಲ್ರಿ," ಎಂದಳು ಹುಡುಗಿ, ನಿರ್ವಿಕಾರವಾಗಿ. "ಇದ್ದ. ಈಗಿಲ್ಲ."

ಮೊದಲಿನ ಎರಡು ಕೂಸುಗಳನ್ನು ನೋಡಲೂ ಹೀಗೆಯೇ ಬಂದು, ಅವು ಹೋದ ಸುದ್ದಿ ಕೇಳಿ ತಿರುಗಿದವರು ಆಕೆ. ಅಲ್ಲೇ ಕುಸಿದು, "ಅಯ್ಯೋ ನಮ್ಮವ್ವಾ! ಮತ್ತ ಹಿಂಗಾತೇನs!" ಎಂದು ಎದೆ ಬಡಿದುಕೊಂಡು ಅಳತೊಡಗಿದರು. ಬೀದಿಯವರು ಓಡಿ ಬಂದರು. ನಾವು ಓಡಿ ಬಂದೆವು. ಅತ್ತಿಗೆ ಕೂಸನ್ನು ಎದೆಗೆ ಅವುಚಿಕೊಂಡು ಬಂದದ್ದನ್ನು ನೋಡಿ ಸೋದರತ್ತೆಯ ಅಳು ಇನ್ನೂ ಹೆಚ್ಚಾಯಿತು. ಹುಡುಗಿ ಅವರ ಕೈಯಿಂದ ಬಿದ್ದ ಟೊಪ್ಪಿಗೆಯನ್ನು ಎತ್ತಿ, ಧೂಳು ಕೊಡವಿ, ಸಮಾಧಾನವಾಗಿ ಹೇಳಿದಳು: "ಇದನ್ನ ಬಾಜೂ ಮನ್ಯಾಗ ಕೊಡ್ರಿ. ಕೂಸು ಅವರದು."

ಆ ಸಂಜೆ ನಾನು ನಮ್ಮವ್ವನಿಗೆ ಹೇಳಿದೆ, ಇನ್ನು ಸಾಕು, ಮಗುವಿಗೆ ನಿಜ ತಿಳಿಸಿಬಿಡೋಣ, ಇದು ಬರೀ ಶಾಸ್ತ್ರ, ನಿನ್ನ ತಮ್ಮ ನಿನ್ನವನೇ ಎನ್ನೋಣ ಎಂದು.

ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ನಿಜವಾಗಿಯೂ ಇಟ್ಟಳು!

"ಬ್ಯಾಡ. ಹುಡುಗಿಗೆ ಹೇಳಿದ್ರ ಕೇಳಬಾರದವರೂ ಕೇಳಸಿಕೊಂತಾರ. ನಮ್ಮ ಎಲ್ಲಾರ ಬಾಯಾಗೂ ಅಳುಕು ಐತಿ. ನಮ್ಮದಲ್ಲ ಅಂತೀವಿ, ಕಣ್ಣಾಗ ನಮ್ಮದೇ ಅಂತ ಕಾಣತೈತಿ. ಅಷ್ಟು ಗಟ್ಟಿಯಾಗಿ ಹೇಳಾಕಿ ಈ ಮನ್ಯಾಗ ಅಕಿ ಒಬ್ಬಾಕಿನs. ಹೇಳಲಿ ಬಿಡು."

ನಾನು ಅತ್ತಿಗೆಯ ಮುಖ ನೋಡಿದೆ. ಕೂಸಿಗೆ ಎಣ್ಣೆ ಹಚ್ಚುವಾಗ ಅವಳು "ನೀಲಮ್ಮನ ತಿಪ್ಪ, ನೀಲಮ್ಮನ ತಿಪ್ಪ" ಎಂದೇ ಲಾಲಿ ಹೇಳುತ್ತಿದ್ದಳು. ಆ ಎರಡು ಮಕ್ಕಳ ಹೆಸರು ಹೇಳುವುದನ್ನು ನಾನು ಎಂದೂ ಕೇಳಿರಲಿಲ್ಲ. ಈ ಮೂರನೆಯದನ್ನು ಮಗ ಎಂದು ಕರೆದದ್ದನ್ನೂ ಕೇಳಲಿಲ್ಲ. ಹೀಗೆ ನಮ್ಮ ಮೂರೂವರೆ ವರ್ಷದ ನ್ಯಾಯವಾದಿ ಮನೆಯವರೆಲ್ಲರ ಒಪ್ಪಿಗೆಯೊಡನೆ ತನ್ನ ದಾವೆ ಮುಂದುವರಿಸಿದಳು.

ದಾವೆಗೆ ಆಧಾರವೂ ಬೇಗ ಸಿಕ್ಕಿತು. ಚೋರನೂರಿನ ರೈತನೊಬ್ಬ ಅಣ್ಣನ ಹತ್ತಿರ ಬಂದಿದ್ದ. ಅವನು ಒಂದು ಎತ್ತು ಮಾರಿದ್ದನಂತೆ. ಕೊಂಡವನು ಸುಗ್ಗಿಯ ತನಕ ನಿನ್ನ ಕೊಟ್ಟಿಗೆಯಲ್ಲೇ ಇರಲಿ ಎಂದು ಬಿಟ್ಟು ಹೋಗಿದ್ದನಂತೆ. ಅಷ್ಟರಲ್ಲಿ ಇವನಿಗೆ ಎತ್ತಿನ ಮೇಲೆ ಮನಸ್ಸು ತಿರುಗಿತ್ತು. "ಕೊಡಾಕ ಜೀವ ಒಲ್ಲೆ ಅಂತೈತ್ರೀ ವಕೀಲರ. ನಾನs ಹುಲ್ಲು ಹಾಕೀನಿ, ನಾನs ಮೈ ತೊಳದೀನಿ."

ಅಣ್ಣ ಗಂಭೀರವಾಗಿ ಹೇಳಿದ: "ಮಾರಿದ ಮ್ಯಾಲೆ ಅದು ಕೊಂಡವನದು. ನೀ ಎಷ್ಟ ಹುಲ್ಲು ಹಾಕು. ಅವ ಬಂದು ಕೇಳಿದ ದಿನ ಹಗ್ಗ ಬಿಚ್ಚಿ ಕೊಡಬೇಕು."

ಮೇಜಿನ ಕೆಳಗಿನಿಂದ ಹುಣಸೆ ಬೀಜ ಚೆಲ್ಲಿದ ಸದ್ದು. ಹುಡುಗಿ ಎದ್ದು ನೇರವಾಗಿ ನಡುಮನೆಗೆ ಹೋಗಿ, ತೊಟ್ಟಿಲು ಕಟ್ಟಿದ್ದ ಹಗ್ಗದ ಗಂಟನ್ನು ಪರೀಕ್ಷೆ ಮಾಡಿದಳು. "ಅಪ್ಪ ಹೇಳ್ಯಾನ," ಎಂದಳು, "ದೊಡ್ಡವ್ವ ಬಂದು ಕೇಳಿದ ದಿನ ಬಿಚ್ಚಿ ಕೊಡಬೇಕಂತ." ಅಣ್ಣನಿಗೆ ಈ ಸುದ್ದಿ ಮುಟ್ಟಿದಾಗ ಅವನು ತಲೆ ಕೆರೆದುಕೊಂಡು, ತಾನು ಹೇಳಿದ್ದು ಎತ್ತಿನ ವಿಷಯವೆಂದು ಅವಳಿಗೆ ವಿವರಿಸಲು ಹೋದ. ನಮ್ಮವ್ವ ಕೆಮ್ಮಿದಳು. ಅಣ್ಣ ಬಾಯಿ ಮುಚ್ಚಿಕೊಂಡ. ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ವಕೀಲನನ್ನು ನಾನು ನೋಡಿದ್ದು ಅದೇ ಮೊದಲು.

ಐದನೆಯ ತಿಂಗಳಲ್ಲಿ ಕೂಸನ್ನು ಹಂಪಿಗೆ ಕರೆದುಕೊಂಡು ಹೋದೆವು. ಬಂಡಿ ಕಡ್ಡಿರಾಂಪುರ ದಾಟುವ ತನಕ ಹುಡುಗಿಗೆ ತನ್ನ ಅವ್ವನ ಪಕ್ಕ ಸ್ವಲ್ಪ ಜಾಗ ಸಿಕ್ಕಿತ್ತು. ಆಮೇಲೆ ತಿಪ್ಪಣ್ಣ ಕಾಲು ಝಾಡಿಸಿ ಅದನ್ನೂ ವಶಪಡಿಸಿಕೊಂಡ. ಗುಡಿಯಲ್ಲಿ ಅರ್ಚನೆಯ ತಟ್ಟೆ ಹಿಡಿದ ಪೂಜಾರಿಗಳು ಕೇಳಿದರು: "ಯಾರ ಕೂಸ್ರೀ ಇದು? ತಂದಿ ಹೆಸರು ಹೇಳ್ರಿ."

ಅಣ್ಣ ನಮ್ಮವ್ವನ ಮುಖ ನೋಡಿದ. ಅವ್ವ ಕಂಬ ನೋಡಿದಳು. ಅತ್ತಿಗೆ ನೆಲ ನೋಡಿದಳು. ದೇವರ ಮುಂದೆ ಏನು ಹೇಳಬೇಕೆಂದು ನಾವು ಯಾರೂ ಯೋಚಿಸಿರಲಿಲ್ಲ!

"ನೀಲಮ್ಮ ದೊಡ್ಡವ್ವಂದ್ರಿ," ಎಂದಳು ಹುಡುಗಿ.

"ಅವರೆಲ್ಲಿ?"

"ಮನ್ಯಾಗದಾರ. ಅವರಿಗೆ ಗೊತ್ತಿಲ್ಲ. ನಾವು ಸುಮ್ಮ ಎತ್ತಿಗೊಂಡು ಬಂದೀವಿ."

ಪೂಜಾರಿಗಳು ಅಣ್ಣನನ್ನು ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿದರು. ಕೋಟು, ರುಮಾಲು, ಚಿನ್ನದ ಕಟ್ಟಿನ ಕನ್ನಡಕ. ಇಂಥವರೂ ಮಕ್ಕಳನ್ನು ಕದಿಯುತ್ತಾರೆಯೇ ಎಂದು ಆ ನೋಟ ಕೇಳುತ್ತಿತ್ತು. ಹೊರಗೆ ಬಂದ ಮೇಲೆ ಅಣ್ಣ ಇನ್ನೆಂದೂ ಆ ಮಗಳೊಡನೆ ದೇವಸ್ಥಾನಕ್ಕೆ ಕಾಲಿಡುವುದಿಲ್ಲವೆಂದ. ಅವ್ವ ಮಾತ್ರ ದಾರಿಯುದ್ದಕ್ಕೂ ಹಿಗ್ಗಿಯೇ ಹಿಗ್ಗಿದಳು. ದೇವರ ಎದುರೇ ಹೇಳಿದ್ದಾಯಿತು. ಇನ್ನು ಯಾವ ಕೆಟ್ಟ ಗಳಿಗೆಗೆ ಅನುಮಾನ ಉಳಿದೀತು?

ಈ ನಡುವೆ ಹುಡುಗಿಯಲ್ಲಿ ಒಂದು ಬದಲಾವಣೆ ಬಂದಿತ್ತು. ಬಂದದ್ದು ಯಾವಾಗ ಎಂದು ನನಗೆ ಹೇಳಲು ಬಾರದು. ನಾನು ಅಂಥದನ್ನು ಗಮನಿಸುವ ಸ್ವಭಾವದವಳಲ್ಲ. ಮಕ್ಕಳನ್ನು ಎತ್ತಿ ಮುದ್ದಾಡುವುದು ನನ್ನಿಂದ ಆಗದು. ಏನು ಮಾತಾಡಬೇಕೆಂದೇ ತಿಳಿಯುವುದಿಲ್ಲ. ಒಮ್ಮೆ ಅತ್ತಿಗೆ ನೀರಿಗೆ ಹೋಗುವಾಗ ಕೂಸನ್ನು ನನಗೆ ಒಪ್ಪಿಸಿದಳು. ಸ್ವಲ್ಪ ಹೊತ್ತಿಗೆ ಅದು ಅತ್ತಿತು. ನಾನು ತೊಟ್ಟಿಲು ತೂಗಿದೆ. ಇನ್ನೂ ಅತ್ತಿತು. ಗಿಲಕಿ ಆಡಿಸಿದೆ. ಅಳು ಮುಗಿಲಿಗೆ ಮುಟ್ಟಿತು. ಹುಡುಗಿ ಬಾಗಿಲಲ್ಲಿ ನಿಂತು, ಕಷ್ಟದ ಲೆಕ್ಕ ತಪ್ಪು ಮಾಡುತ್ತಿರುವವರನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

"ಹಸಿವ್ಯಾಗೈತಿ," ಎಂದೆ ನಾನು.

"ಅಲ್ಲ. ಹಸದ್ರ ಹಿಂಗ ಅಳೂದಿಲ್ಲ. ಹಸದ್ರ ನಡುನಡುವ ಸುಮ್ಮ ಆಗಿ ಬಾಗಲಾ ನೋಡತೈತಿ. ನಿದ್ದಿ ಬಂದ್ರ ಮೂಗು ತಿಕ್ಕತೈತಿ. ಈಗ ಕುಂಚಿಗಿ ದಾರ ಕಿವಿಗೆ ಒತ್ತಾಕತ್ತೈತಿ."

ತಲೆಗೆ ಕಟ್ಟಿದ್ದ ಕುಂಚಿಗೆಯ ದಾರ ಸಡಿಲಿಸಿದೆ. ಅಳು ನಿಂತಿತು. ಕೂಸು ಅಕ್ಕನನ್ನು ನೋಡಿ ಹಲ್ಲಿಲ್ಲದ ಬಾಯಿ ಅಗಲಿಸಿತು.

"ಮದರಾಸಿನ್ಯಾಗ ಇದನ್ನ ಕಲಸಲಿಲ್ಲೇನು?"

ಇಲ್ಲವೆಂದು ಒಪ್ಪಿಕೊಂಡೆ. ಇಷ್ಟೆಲ್ಲ ನೀನು ಯಾಕೆ ನೋಡುತ್ತೀ, ಅದು ನಮ್ಮದಲ್ಲವಲ್ಲ ಎಂದು ಕೆಣಕಿದೆ. ಅವಳಿಗೆ ನನ್ನ ದಡ್ಡತನದ ಬಗ್ಗೆ ಕನಿಕರವೇ ಬಂದಿರಬೇಕು.

"ಮಂದಿ ಕೂಸs ಅಲ್ಲೇನು? ಅದಕ್ಕs ಹುಷಾರಿರಬೇಕು. ಕೆಡಿಸಿದ್ರ ದೊಡ್ಡವ್ವ ಏನಂತಾರ?"

ಅಂದಿನಿಂದ ನಾನು ಗಮನಿಸಿದೆ. ನೊಣ ಕೂತರೆ ಓಡಿಸುವವಳು ಅವಳೇ. ಬಿಸಿಲು ತೊಟ್ಟಿಲ ಮೇಲೆ ಬಿದ್ದರೆ ಕೂಗುವವಳು ಅವಳೇ. ಆದರೂ ತಗಾದೆ ನಿಲ್ಲಲಿಲ್ಲ. ಅವ್ವನ ತೊಡೆ ಖಾಲಿ ಇಲ್ಲದ ಪ್ರತಿ ಸಂಜೆಯೂ ಅವಳು ಪಕ್ಕದ ಮನೆಗೆ ಹೋಗಿ, "ಯಾವಾಗ ಒಯ್ತೀರಿ?" ಎಂದು ಕೇಳಿಯೇ ಬರುತ್ತಿದ್ದಳು.

ಎಂಟನೆಯ ತಿಂಗಳಲ್ಲಿ ನೀಲಮ್ಮನ ಗಂಡನಿಗೆ ಕಂಪ್ಲಿಯ ಗಿರಣಿಯೊಂದರಲ್ಲಿ ಪಾಲು ಸಿಕ್ಕಿತು. ಅವರು ಮನೆ ಖಾಲಿ ಮಾಡಿ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು. ದೊಡ್ಡವರೆಲ್ಲ ಈ ಮಾತು ಆಡಿಕೊಂಡೆವು, ಬೇಸರಪಟ್ಟೆವು, ಹೋಳಿಗೆ ಮಾಡಿ ಊಟಕ್ಕೆ ಕರೆದೆವು. ಹುಡುಗಿಗೆ ಯಾರೂ ಏನೂ ಹೇಳಲಿಲ್ಲ. ಹೇಳುವುದೇನಿದೆ ಎಂದುಕೊಂಡೆವು.

ಹೊರಡುವ ದಿನ ಬೆಳಿಗ್ಗೆ ಎರಡು ಬಂಡಿ ಬಂದವು. ಒಂದರಲ್ಲಿ ಪಾತ್ರೆ, ಚೀಲ, ಪೆಟ್ಟಿಗೆ. ಇನ್ನೊಂದರಲ್ಲಿ ಹುಲ್ಲು ಹರಡಿ ಜಮಖಾನೆ ಹಾಸಿದ್ದರು. ನೀಲಮ್ಮ ಎಲ್ಲರಿಗೂ ಹೇಳಿ, ನಮ್ಮವ್ವನ ಕಾಲು ಮುಟ್ಟಿ, ಬಂಡಿ ಹತ್ತಿ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡು ಅತ್ತಿಗೆಯ ಕಡೆ ಎರಡೂ ಕೈ ಚಾಚಿದಳು.

"ಕೊಡವ್ವ ನನ್ನ ಕೂಸನ್ನ."

ಒಮ್ಮೆ ಎತ್ತಿಕೊಂಡು ಹರಸಿ ಹೋಗುವ ಆಸೆ ಅವಳಿಗೆ, ಅಷ್ಟೆ. ಅತ್ತಿಗೆ ತಿಪ್ಪಣ್ಣನನ್ನು ಕೊಟ್ಟಳು.

ನಾನು ಹುಡುಗಿಯನ್ನು ನೋಡಿದೆ. ಕೊಂಡವರು ಬಂದಿದ್ದಾರೆ, ಬಾಯಿ ಬಿಟ್ಟು ಕೇಳಿದ್ದಾರೆ, ಕೊಟ್ಟೂ ಆಯಿತು. ಎಂಟು ತಿಂಗಳ ದಾವೆ ಗೆದ್ದಿದೆ. ಅವ್ವನ ತೊಡೆ ತೆರವಾಗಿದೆ. ಕುಣಿಯುತ್ತಾಳೆಂದುಕೊಂಡೆ. ಅವಳು ಬಂಡಿಯನ್ನು ನೋಡಿದಳು. ತನ್ನ ಅವ್ವನನ್ನು ನೋಡಿದಳು. ಮತ್ತೆ ಬಂಡಿಯನ್ನು ನೋಡಿದಳು. ಆಮೇಲೆ ತಿರುಗಿ ಒಳಗೆ ಓಡಿದಳು.

ಬಂದಾಗ ಒಂದು ಕಂಕುಳಲ್ಲಿ ಕೂಸಿನ ಕುಂಚಿಗೆ, ಇನ್ನೊಂದರಲ್ಲಿ ತನ್ನ ಒಂದು ಲಂಗ, ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದ ಕೌದಿ. ಬಂಡಿಯ ಹತ್ತಿರ ನಿಂತು ಬಂಡಿ ಹೊಡೆಯುವವನಿಗೆ, "ನನ್ನ ಹತ್ತಸ್ರಿ," ಎಂದಳು. ಅವನು ಆಟವೆಂದುಕೊಂಡು ಎತ್ತಿ ಒಳಗೆ ಇಟ್ಟ. ಅವಳು ನೀಲಮ್ಮನ ಪಕ್ಕ ಕಾಲು ಮಡಿಸಿ ಕುಳಿತು, ಕೌದಿಯನ್ನು ಕೂಸಿನ ಕಾಲಿನ ಮೇಲೆ ಹೊದಿಸಿದಳು.

"ಎಲ್ಲಿಗೆ ಹೊಂಟೀಯವ್ವ?" ಎಂದಳು ನೀಲಮ್ಮ ನಗುತ್ತ.

"ಕಂಪ್ಲಿಗೆ."

"ಯಾಕ?"

"ಇದು ಅಳತೈತಲ್ಲ. ನಿಮಗ ತಿಳಿಯೂದಿಲ್ಲ."

"ಅವ್ವನ್ನ ಬಿಟ್ಟು ಇರ್ತೀ ಏನು?"

ಹುಡುಗಿಯ ಕೆಳತುಟಿ ಅದುರಿತು, ಹಲ್ಲಿನಿಂದ ಅದನ್ನು ಹಿಡಿದುಕೊಂಡಳು.

"ಇದು ಭಾಳ ಸಣ್ಣದು," ಎಂದಳು. "ಇದಕ್ಕ ಅಲ್ಲಿ ಯಾರೂ ಗೊತ್ತಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. ಕೊನೆಯ ವ್ಯವಸ್ಥೆಯೊಂದು ಬಾಕಿ ಇತ್ತು.

"ಅತ್ತೀ, ಅವ್ವನ ತೊಡಿ ಮ್ಯಾಗ ನೀ ಕುಂದ್ರು."

ಅತ್ತಿಗೆ ಬಂಡಿಯ ಗಾಲಿಯನ್ನು ಹಿಡಿದುಕೊಂಡಿದ್ದಳು. ಒಂದು ಮಾತು ಸಾಕಿತ್ತು. ಅದು ನಮ್ಮದs ಕೂಸವ್ವ, ಇಳಿ ಎಂದಿದ್ದರೆ ಇಬ್ಬರೂ ಇಳಿಯುತ್ತಿದ್ದರು. ಆ ಮಾತು ಅವಳ ಗಂಟಲ ತನಕ ಬಂದದ್ದನ್ನು ನಾನು ಕಂಡೆ. ಅಲ್ಲೇ ನಿಂತದ್ದನ್ನೂ ಕಂಡೆ. ಎಂಟು ತಿಂಗಳು ಅದನ್ನು ಆಡದೆ ಇದ್ದುದರಿಂದಲೇ ಕೂಸು ಉಳಿದಿದೆ ಎಂದು ಅವಳು ನಂಬಿದ್ದಳು. ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಈಗ ಹೇಗೆ ಆಡುತ್ತಾಳೆ? ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ವಕೀಲನಾದ ನನ್ನ ಅಣ್ಣ ತನ್ನ ಚಪ್ಪಲಿಗಳನ್ನು ನೋಡಿಕೊಳ್ಳುತ್ತಿದ್ದ. ನಾನು ಓದಿದ್ದರಲ್ಲಿ ಒಂದು ಅಕ್ಷರವೂ ನನಗೆ ನೆನಪಾಗಲಿಲ್ಲ.

ನೀಲಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಕ್ಷರ ಬಾರದ ಹೆಂಗಸು. ಅವಳಿಗೆ ಎಲ್ಲ ತಿಳಿಯಿತು.

"ವಕೀಲರs," ಎಂದಳು ತನ್ನ ದೊಡ್ಡ ದನಿಯಲ್ಲಿ, "ಈ ಕೂಸು ನಂದು ಹೌದಲ್ಲೇನ್ರಿ?"

"ಹೌದ್ರಿ," ಎಂದ ಅಣ್ಣ.

"ನಂದನ್ನ ನಾ ಯಾರಿಗೆ ಬೇಕಾದ್ರೂ ಕೊಡಬಹುದಲ್ಲೇನ್ರಿ?"

"ಕೊಡಬಹುದ್ರಿ."

"ಹಂಗಾದ್ರ ಎಲ್ಲಾರೂ ಕೇಳ್ರಿ. ಕೂಸನ್ನ ನಾ ಇಕಿಗೆ ಕೊಟ್ಟೀನಿ. ವಕೀಲರಿಗಲ್ಲ, ವಕೀಲರ ಮನಿಯವರಿಗಲ್ಲ. ಇಕಿಗೆ. ಇವತ್ತಿಂದ ಇದು ಇಕಿ ಕೂಸು."

ಅವ್ವ ಚೌಕಟ್ಟು ಬಿಟ್ಟು ಉಸಿರುಬಿಟ್ಟಳು.

ಹುಡುಗಿ ನೀಲಮ್ಮನ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿದಳು. ದೊಡ್ಡವರ ಮಾತು ಎಷ್ಟರಮಟ್ಟಿಗೆ ನಂಬಬಹುದೆಂದು ಅವಳಿಗೆ ಗೊತ್ತಿತ್ತು.

"ಪೂರಾ?" ಎಂದಳು.

"ಪೂರಾ, ನಮ್ಮವ್ವ."

ಬಂಡಿ ಹೊಡೆಯುವವನು ಅವಳನ್ನು ಇಳಿಸಿದ. ಅವಳ ತೋಳಿನಲ್ಲಿ ಕೂಸನ್ನು ಇಟ್ಟೆವು. ಹೊರಲಾರದ ಭಾರ, ನಾನು ಕೆಳಗಿನಿಂದ ಕೈ ಕೊಟ್ಟಿದ್ದೆ, ಅವಳಿಗೆ ಅದು ಕಾಣದಂತೆ. ಅತ್ತಿಗೆ ಗಾಲಿ ಬಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಳು. ತೊಡೆ ಖಾಲಿ ಇತ್ತು. ಹುಡುಗಿ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಅದರ ಮುಂದೆ ನಿಂತಳು. ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಕೂಸನ್ನು ಮೆಲ್ಲಗೆ ಅಲ್ಲಿ ಇಳಿಸಿದಳು, ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ.

"ಹಿಡಕೊ," ಎಂದಳು ಅವ್ವನಿಗೆ. "ನಂದು ಇದು. ತಲಿ ಹುಷಾರು."